ಹಲ್ಲಿನ ಡಾಕ್ಟ್ರಮ್ಮನ ಬಿಸಿಲುಗೂಡು

ಕೆಲವು ಮನೆಗಳಲ್ಲಿ ಹೊಸ ಕಾರು ಬಂದರೆ ಬೀದಿಗೆ ಸುದ್ದಿ, ಕೆಲವು ಮನೆಗಳಲ್ಲಿ ಹೊಸ ಸೊಸೆ ಬಂದರೆ ಸುದ್ದಿ. ನಮ್ಮ ಮನೆಯಲ್ಲಿ ಹಸಿ ಹಲಗೆ ಒಣಗಿಸೋಕೆ ಅಂತ ಹಿತ್ತಲಲ್ಲಿ ಒಂದು ಬಿಸಿಲುಗೂಡು ಕಟ್ಟಿದೆವು ನೋಡಿ, ಅವತ್ತಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ. ನಾನು ಹಲ್ಲಿನ ಡಾಕ್ಟರು. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಕ್ಲಿನಿಕ್, ಶ್ರೀರಾಂಪುರದಲ್ಲಿ ಮನೆ. ಮನೆಯಲ್ಲಿ ನಾನು, ಬ್ಯಾಂಕಿನಿಂದ ನಿವೃತ್ತರಾಗಿ ನನ್ನ ಕೆಲಸಗಳಲ್ಲೆಲ್ಲ ತಪ್ಪು ಹುಡುಕುವ ಹೊಸ ಕೆಲಸ ಹಿಡಿದಿರುವ ಯಜಮಾನರು, ಮತ್ತು ಎಂಬತ್ತು ದಾಟಿದರೂ ಯಾರ ಮಾತಿಗೂ ಸೋಲದ ನಮ್ಮತ್ತೆ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಮ್ಮತ್ತೆಯ ಬಾಯಿಂದ ಬಂದ ಮಾತಿಗೆ ಉಪ್ಪುಖಾರ ಸೇರಿಸುವ ಅಗತ್ಯವೇ ಇಲ್ಲ.

೧. ಮಾತಾಡಿಸಿಕೊಂಡು ಹೋಗಲು ಬಂದವರು

ಹೋದ ವರ್ಷ ಯುಗಾದಿ ಕಳೆದು ಬಂದ ಮೊದಲ ಗಾಳಿಮಳೆಗೆ ನಮ್ಮ ಹಿತ್ತಲ ಹಲಸಿನ ಮರ ಬುಡ ಸಮೇತ ಮಲಗಿಬಿಟ್ಟಿತು. ನಾವು ಸೈಟು ಕೊಳ್ಳುವಾಗಲೇ ಅಲ್ಲಿದ್ದ ಮರ ಅದು. ಸೈಟು ತೋರಿಸಲು ಬಂದ ಬ್ರೋಕರ್ "ಮರ ಕಡಿಸಿ ಕೊಡ್ತೀನಿ ಅಮ್ಮಾ" ಅಂದಾಗ ನಮ್ಮತ್ತೆ, "ಮರ ಇರಲಿ, ನಿನ್ನ ಕಮಿಷನ್ ಕಡಿ" ಅಂದಿದ್ದರು. ಅವತ್ತಿನಿಂದ ಪ್ರತಿ ವರ್ಷ ಇಡೀ ಬೀದಿಗೆ ತೊಳೆ ಹಂಚಿದ ಮರ.

ಮಾರನೆಯ ಬೆಳಗ್ಗೆಯಿಂದಲೇ ಜನ ಬರತೊಡಗಿದರು. ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಸೆರಗು ಹೊದ್ದು ಕೂತಿದ್ದರು. ಬಂದವರು ಚಪ್ಪಲಿ ಆಚೆ ಬಿಟ್ಟು, ದನಿ ತಗ್ಗಿಸಿ, ಅವರ ಪಕ್ಕ ನಿಲ್ಲುತ್ತಿದ್ದರು.

"ಹೆಂಗಾಯ್ತಮ್ಮಾ?" ಅಂದರು ಹೂವಿನಾಕೆ.

"ಏನು ಹೇಳ್ಲಿ ಕಣಮ್ಮ. ಸಾಯಂಕಾಲದ ತನಕ ಚೆನ್ನಾಗೇ ಇತ್ತು. ದೀಪ ಹಚ್ಚೋ ಹೊತ್ತಿಗೆ ಗಾಳಿ ಬಂತು ನೋಡು, ಹಂಗೇ ಒರಗಿಬುಡ್ತು."

"ಜಾಸ್ತಿ ನರಳಲಿಲ್ಲ ತಾನೇ?"

"ಇಲ್ಲ. ಒಂದೇ ಸದ್ದು."

"ಪುಣ್ಯ ಮಾಡಿತ್ತು ಬುಡಿ."

ಎದುರು ಮನೆಯ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಎಲ್ಲಕ್ಕೂ ಲೆಕ್ಕ ಬೇಕು. ಬಿದ್ದ ಮರದ ಮುಂದೆ ಕೈ ಕಟ್ಟಿಕೊಂಡು ನಿಂತು, "ವಯಸ್ಸೆಷ್ಟಾಗಿತ್ತು?" ಅಂದರು.

"ಅರವತ್ತರ ಮೇಲೇ ಇರಬೇಕು," ಅಂದರು ನಮ್ಮ ಯಜಮಾನರು.

"ಛೆ ಛೆ. ಹೋಗೋ ವಯಸ್ಸಲ್ಲ," ಅಂದರು ಎಪ್ಪತ್ತರ ಮೇಷ್ಟ್ರು, ತಮ್ಮ ಎದೆ ಸವರಿಕೊಳ್ಳುತ್ತಾ.

ಮರದ ತುಂಬಾ ಎಳೆಗಾಯಿ ಇದ್ದವು. ಸುಮ್ಮನೆ ಬಾಡಿಹೋಗುತ್ತವಲ್ಲ ಅಂತ ಅತ್ತೆ ಬಂದವರಿಗೆಲ್ಲ ಕೊಯ್ದು ಕೊಡಿಸಿದರು. ಹನ್ನೊಂದು ಗಂಟೆ ಹೊತ್ತಿಗೆ ಗೇಟಿನ ಆಚೆ ಒಂದು ಸಾಲೇ ಆಯಿತು. ಒಳಗೆ ಬರುವಾಗ ಮುಖ ಬಾಡಿಸಿಕೊಂಡು ಬಂದವರು, ಆಚೆ ಹೋಗುವಾಗ ಕಂಕುಳಲ್ಲಿ ಒಂದೊಂದು ಕಾಯಿ ಅವುಚಿಕೊಂಡು, "ಪಲ್ಯಕ್ಕೆ ಒಗ್ಗರಣೆ ಎಣ್ಣೆ ಸ್ವಲ್ಪ ಜಾಸ್ತೀನೇ ಬೇಕು ಕಣ್ರೀ" ಅಂತ ಮಾತಾಡಿಕೊಂಡು ಹೋದರು. ಸಾವಿನ ಮನೆಯಿಂದ ಜನ ಅಷ್ಟು ಸಂತೋಷವಾಗಿ ಹೊರಟದ್ದನ್ನು ನಾನು ನೋಡಿದ್ದು ಅದೇ ಮೊದಲು.

೨. ಗರಗಸದ ಹಲ್ಲು

ಮರ ಕೊಳ್ಳಲು ಬಂದ ಟಿಂಬರ್ ಅಂಗಡಿಯವರು ದಿಮ್ಮಿ ನೋಡಿ ಖುಷಿಪಟ್ಟರು, ನಮ್ಮ ಓಣಿ ನೋಡಿ ಬೇಜಾರುಪಟ್ಟರು. ಅಷ್ಟು ದಪ್ಪದ ದಿಮ್ಮಿಯನ್ನು ಆಚೆ ತೆಗೆಯಬೇಕಾದರೆ ಕಾಂಪೌಂಡ್ ಒಡೆಯಬೇಕು ಅಂದರು. "ಸೌದೆಗೆ ಕಡಿದು ಹಾಕಿಸಿಬಿಡು" ಅಂದರು ಯಜಮಾನರು. ಅಷ್ಟರಲ್ಲಿ ಅತ್ತೆ, "ಹಾಲ್‌ನಲ್ಲಿ ಒಂದು ಉಯ್ಯಾಲೆ ಹಾಕಿಸ್ಕೋಬೇಕು ಅಂತ ನನಗೆ ಭಾಳ ದಿನದಿಂದ ಇತ್ತು" ಅಂತ ಮೆಲ್ಲಗೆ ಅಂದರು. ನಮ್ಮತ್ತೆ ಮೆಲ್ಲಗೆ ಏನಾದರೂ ಕೇಳಿದ್ದು ನನ್ನ ಮದುವೆಯಾದ ಮೇಲೆ ಅದೇ ಮೊದಲು. ಸೌದೆ ಮಾತು ಅಲ್ಲಿಗೇ ನಿಂತಿತು.

ಬೇಕಾದ ಅನುಮತಿ ತೆಗೆದುಕೊಂಡು, ಕೆಸರೆಯಿಂದ ಒಬ್ಬರು ಗರಗಸದವರನ್ನು ಕರೆಸಿದೆ. ಮೆಷಿನ್ ಗರಗಸಕ್ಕೆ ಕಬ್ಬಿಣದ ಚೌಕಟ್ಟು ಕಟ್ಟಿ, ದಿಮ್ಮಿಯ ಉದ್ದಕ್ಕೂ ತಳ್ಳಿಕೊಂಡು ಹೋದರೆ ಹಲಗೆ ಎದ್ದು ಬರುತ್ತದೆ. ಅಷ್ಟು ದಿನ ಬೆಳಗ್ಗೆ ನಾನೂ ಅವರೂ ಹಿತ್ತಲಲ್ಲಿ ಹಲಗೆ ಸೀಳುವುದು, ಸಂಜೆ ನಾನು ಕ್ಲಿನಿಕ್‌ನಲ್ಲಿ ಹಲ್ಲು ಕೀಳುವುದು.

ಒಂದು ಸಂಜೆ ನನ್ನ ಕುರ್ಚಿಯಲ್ಲಿ ಗರಡಿಮನೆಯ ಪೈಲ್ವಾನರೊಬ್ಬರು ಮಲಗಿದ್ದರು. ಆರಡಿ ಆಳು, ಕುರ್ಚಿ ಕಾಣದ ಹಾಗೆ ಭುಜ. ದವಡೆ ಹಲ್ಲು ಕೀಳಬೇಕಿತ್ತು. ಎದೆ ಮೇಲೆ ಬಿಬ್ ಬಟ್ಟೆ ಕಟ್ಟಿ, ಬಾಯಿ ತೆಗೆಸಿದ್ದೆ. ಫೋನ್ ಬಂತು. ನನ್ನ ಕೈಯಲ್ಲಿ ಗ್ಲೌಸ್ ಇದ್ದದ್ದರಿಂದ ನರ್ಸಮ್ಮ ಸ್ಪೀಕರ್ ಹಾಕಿ ಹಿಡಿದುಕೊಂಡರು. ಗರಗಸದವರ ದನಿ ಕ್ಲಿನಿಕ್ಕಿಗೆಲ್ಲ ಕೇಳಿಸಿತು.

"ಡಾಕ್ಟ್ರಮ್ಮ, ಹಲ್ಲೆಲ್ಲ ಒಂದೊಂದಾಗಿ ಅರದಲ್ಲಿ ಉಜ್ಜಿ ಮಡಗಿದೀನಿ. ಈಗ ನೋಡಿ, ಒಂದೇ ಏಟಿಗೆ ಸೀಳಾಕ್ತದೆ!"

"ಬೆಳಗ್ಗೆ ಆದ ಹಾಗೆ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳಲ್ಲ ತಾನೇ?" ಅಂದೆ ನಾನು.

"ಸಿಕ್ಕಾಕ್ಕಂಡ್ರೆ ಬೆಣೆ ಬಡಿಯೋಣ. ಸುತ್ತಿಗೇಲಿ ನಾಕು ಬುಟ್ರೆ ತಾನೇ ಬಾಯಿ ಬುಡ್ತದೆ."

"ಸರಿ. ಇಲ್ಲಿ ಒಂದಿದೆ, ಮುಗಿಸಿಬಿಟ್ಟು ಬರ್ತೀನಿ."

"ಇವತ್ತು ಆ ದಪ್ಪಂದು ಮುಗಿಸೇ ಬುಡೋಣ. ಒದ್ದಾಡಬಾರದು ನೋಡಿ, ಅದ್ಕೇ ಹಗ್ಗ ಹಾಕಿ ಬಿಗಿದಿದೀನಿ."

ನಾನು ಇಕ್ಕಳ ತೆಗೆದುಕೊಂಡು ತಿರುಗಿದರೆ ಕುರ್ಚಿ ಖಾಲಿ. ಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ಕಿಟಕಿಯಲ್ಲಿ ಇಣುಕಿ ನೋಡಿದರೆ, ಕುತ್ತಿಗೆಯಲ್ಲಿ ನನ್ನ ನೀಲಿ ಬಿಬ್ ಹಾರಾಡಿಸಿಕೊಂಡು ಪೈಲ್ವಾನರು ಓಡುತ್ತಿದ್ದರು.

ಕೆಲವು ದಿನದ ಮೇಲೆ ಅವರ ಹೆಂಡತಿ ಬಿಬ್ ಒಗೆದು, ಇಸ್ತ್ರಿ ಹಾಕಿ ತಂದುಕೊಟ್ಟರು. "ಹಲ್ಲುನೋವು ತಾನಾಗೇ ಹೋಯ್ತಂತೆ ಡಾಕ್ಟ್ರೇ," ಅಂದು ನಗು ತಡೆದುಕೊಂಡು, "ಅಖಾಡದಲ್ಲಿ ನಮ್ಮನೆಯವರು ಇವತ್ತಿನ ತನಕ ಯಾರಿಗೂ ಬೆನ್ನು ತೋರಿಸಿಲ್ಲ. ನೀವೊಬ್ಬರೇ ನೋಡಿರೋದು. ದಯವಿಟ್ಟು ಯಾರಿಗೂ ಹೇಳಬೇಡಿ" ಅಂದರು. ಅವರ ಹೆಸರು ಬರೆದಿಲ್ಲ, ನೋಡಿ.

೩. ಯಮನ ದಿಕ್ಕು

ಹಲಗೆ ಸೀಳಿದ್ದಾಯಿತು. ಅರಿಶಿನದ ಬಣ್ಣದ, ಕೈಗೆ ತಂಪಾದ, ಒದ್ದೆ ಒದ್ದೆ ಹಲಗೆಗಳು. "ನೆರಳಲ್ಲಿ ಜೋಡಿಸಿಡಿ. ಒಂದೆರಡು ವರ್ಷದಲ್ಲಿ ಒಣಗ್ತವೆ," ಅಂದರು ಉಯ್ಯಾಲೆ ಮಾಡಲು ಒಪ್ಪಿಕೊಂಡಿದ್ದ ಬಡಗಿ.

"ಅಷ್ಟರಲ್ಲಿ ನಾನೇ ಒಣಗಿ ಹೋಗಿರ್ತೀನಿ," ಅಂದರು ಅತ್ತೆ.

ಹಾಗಾಗಿ ಬಿಸಿಲುಗೂಡು. ಬಹಳ ಓದಿ, ವಿಡಿಯೋ ನೋಡಿ, ನಾನೇ ನಕ್ಷೆ ಹಾಕಿದೆ. ದೊಡ್ಡ ಬೀರುವಿನಂಥ ಒಂದು ಕೋಣೆ. ದಕ್ಷಿಣಕ್ಕೆ ಇಳಿಜಾರಾದ, ಬಿಸಿಲು ಒಳಗೆ ಬಿಡುವ ಶೀಟಿನ ಛಾವಣಿ. ಒಳಗೆಲ್ಲ ಕಪ್ಪು ಬಣ್ಣ. ಬಿಸಿ ಗಾಳಿ ಓಡಾಡಲು ಸೋಲಾರಿನಲ್ಲಿ ತಿರುಗುವ ಎರಡು ಫ್ಯಾನು, ಆವಿ ಆಚೆ ಹೋಗಲು ಕಿಂಡಿ. ಹಲಗೆ ಹಲಗೆಗಳ ನಡುವೆ ಸಣ್ಣ ಮರದ ಪಟ್ಟಿ ಇಟ್ಟು ಪೇರಿಸಿ, ಸೊಟ್ಟ ಆಗದ ಹಾಗೆ ಮೇಲೆ ಚಪ್ಪಡಿ ಕಲ್ಲು ಹೇರಬೇಕು. ಬಾಗಿಲು ಉತ್ತರದ ಗೋಡೆಗೆ.

ಕಟ್ಟುತ್ತಿದ್ದ ಹಾಗೆ ಕಾಂಪೌಂಡಿನ ಆಚೆಯಿಂದ ವಿಚಾರಣೆ ಶುರುವಾಯಿತು. "ಕೋಳಿ ಸಾಕ್ತೀರಾ ಡಾಕ್ಟ್ರೇ?" ಅಂದರು ಒಬ್ಬರು. "ರೂಮು ಬಾಡಿಗೆಗಾ? ಅಡ್ವಾನ್ಸ್ ಹೇಗೆ?" ಅಂದರು ಇನ್ನೊಬ್ಬರು. ಆದರೆ ಮೇಷ್ಟ್ರು ಮಾತ್ರ ಗಂಭೀರವಾಗಿ ಒಳಗೇ ಬಂದು, ಕೈಯಲ್ಲಿದ್ದ ದಿಕ್ಸೂಚಿ ನೋಡಿ ತಲೆ ಅಲ್ಲಾಡಿಸಿದರು.

"ದಕ್ಷಿಣಕ್ಕೆ ಮುಖ ಮಾಡಿ ಏನನ್ನೂ ಕಟ್ಟಬಾರದು ಡಾಕ್ಟ್ರೇ. ಯಮನ ದಿಕ್ಕು ಅದು."

"ಆದರೆ ಬಿಸಿಲು ವರ್ಷದ ಹೆಚ್ಚು ಭಾಗ ದಕ್ಷಿಣದಿಂದಲೇ ಬೀಳುತ್ತಲ್ಲ ಮೇಷ್ಟ್ರೇ."

"ಬಿಸಿಲಿಗೆ ವಾಸ್ತು ಗೊತ್ತಿಲ್ಲ, ನಮಗೆ ಗೊತ್ತಿರಬೇಕು."

ನಮ್ಮ ಯಜಮಾನರು ಆಗಲೇ ಅರ್ಧ ಹೆದರಿ, "ಪೂರ್ವಕ್ಕೇ ತಿರುಗಿಸಿಬಿಡೋಣ ಕಣೇ" ಅಂದರು. ತಿರುಗಿಸುವುದು ಅಂದರೆ ಪೂರ್ತಿ ಕಿತ್ತು ಕಟ್ಟುವುದು. ನನಗೆ ಅಳು ಬರುವುದೊಂದು ಬಾಕಿ. ಅತ್ತೆ ಕುರ್ಚಿಯಿಂದಲೇ ಕರೆದರು.

"ಮೇಷ್ಟ್ರೇ, ಇದರ ಬಾಗಿಲು ಯಾವ ಕಡೆಗಿದೆ?"

"ಉತ್ತರಕ್ಕೆ."

"ಬಾಗಿಲು ಇರೋ ಕಡೆ ತಾನೇ ಮುಖ?"

ಮೇಷ್ಟ್ರು ಸ್ವಲ್ಪ ಯೋಚಿಸಿ, "ಹೌದು" ಅಂದರು.

"ಹಂಗಾದ್ರೆ ದಕ್ಷಿಣಕ್ಕಿರೋದು ಬೆನ್ನು. ಪಾಪ, ಬೆನ್ನು ಕಾಯಿಸ್ಕೊಳ್ತಿದೆ ಬಿಡಿ. ನೀವು ದಿನಾ ಬೆಳಗ್ಗೆ ಜಗಲಿ ಮೇಲೆ ಕೂತು ಮೈ ಕಾಯಿಸ್ಕೊಳ್ಳಲ್ವೇ?"

ಮೇಷ್ಟ್ರು ದಿಕ್ಸೂಚಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಮಾರನೆಯ ಬೆಳಗ್ಗೆ ಅವರು ಎಂದಿನ ಹಾಗೆ ಜಗಲಿ ಮೇಲೆ ಪೇಪರ್ ಹಿಡಿದು ಕೂತವರು, ದಿಕ್ಸೂಚಿ ತೆಗೆದು ನೋಡಿ, ತಮ್ಮ ಮುಖವೇ ದಕ್ಷಿಣಕ್ಕಿರುವುದು ಕಂಡು ಗಡಬಡಿಸಿ ಎದ್ದು, ಕುರ್ಚಿಯನ್ನು ಪೂರ್ತಿ ತಿರುಗಿಸಿಕೊಂಡು ಕೂತದ್ದನ್ನು ನಾನೇ ಕಣ್ಣಾರೆ ಕಂಡೆ. ಈಗ ಅವರ ಮುಖ ಅವರ ಮನೆಯ ಗೋಡೆಗೆ.

೪. ತೇವದ ಮೀಟರು

ಹಲಗೆ ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಸಣ್ಣ ಮೀಟರ್ ತರಿಸಿದೆ. ಎರಡು ಮುಳ್ಳಿರುತ್ತವೆ, ಮರಕ್ಕೆ ಚುಚ್ಚಿದರೆ ಒಳಗಿನ ತೇವ ಎಷ್ಟು ಅಂತ ತೋರಿಸುತ್ತದೆ. ತಂದದ್ದೇನೋ ನಾನು, ಕೈಗೆ ಸಿಕ್ಕಿದ್ದು ನಮ್ಮ ಯಜಮಾನರಿಗೆ. ಬ್ಯಾಂಕಿನಲ್ಲಿ ಇನ್ಸ್‌ಪೆಕ್ಷನ್ ಮಾಡಿ ಮಾಡಿ ಅಭ್ಯಾಸವಾದ ಜೀವ. ನಿವೃತ್ತಿಯಾದ ಮೇಲೆ ಇನ್ಸ್‌ಪೆಕ್ಷನ್ ಮಾಡಲು ಏನೂ ಸಿಗದೆ ಒದ್ದಾಡುತ್ತಿದ್ದರು.

ಮೊದಲ ದಿನ ಹಲಗೆಗಳಿಗೆ ಚುಚ್ಚಿದರು. ಎರಡನೆಯ ದಿನ ಬಾಗಿಲು, ಕಿಟಕಿ, ಊಟದ ಮೇಜು. ಆಮೇಲೆ ಅಡುಗೆಮನೆಗೆ ಬಂದರು. ಕೊಬ್ಬರಿ ಬಟ್ಟಲಿಗೆ ಚುಚ್ಚಿ, "ಅಂಗಡಿಯವನು ಮೋಸ ಮಾಡಿದಾನೆ, ಇನ್ನೂ ಹಸಿ" ಅಂದರು. ಬೆಲ್ಲಕ್ಕೆ ಚುಚ್ಚಿದರು. ಅತ್ತೆ ಮಡಿಯಲ್ಲಿ ಮಾಡಿಟ್ಟ ಕೊಬ್ಬರಿ ಮಿಠಾಯಿಗೆ ಚುಚ್ಚಿ ಬೈಸಿಕೊಂಡರು. ನಾನು ಮಾಡಿದ ಉಪ್ಪಿಟ್ಟಿಗೆ ಚುಚ್ಚಿ, ಮೀಟರನ್ನು ನನ್ನ ಮುಖದ ಹತ್ತಿರ ಹಿಡಿದು, "ನೋಡು, ನಾನು ಇಷ್ಟು ವರ್ಷ ಗಂಟಲು ಹಿಡಿಯುತ್ತೆ ಅಂತಿದ್ದದ್ದು ಸುಳ್ಳಲ್ಲ. ಈಗ ಪುರಾವೆ ಇದೆ" ಅಂದರು. 

ಆ ವಾರ ನನಗೆ ಕ್ಲಿನಿಕ್‌ನಲ್ಲಿ ಬಿಡುವಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಟ್ಟೆಗೆ ಚಪಾತಿ ಬಿತ್ತು. ಬಿತ್ತು ಅಂದರೆ, ಸದ್ದಾಯಿತು. ಯಜಮಾನರು ಉತ್ಸಾಹದಿಂದ ಮೀಟರ್ ತೆಗೆದರು. ಮುಳ್ಳು ಒಳಗೆ ಹೋಗಲಿಲ್ಲ. ಸ್ವಲ್ಪ ಒತ್ತಿದರು. ಕೊನೆಗೆ ಅಂಕಿ ಬಂತು. ಅತ್ತೆ ಬಗ್ಗಿ ನೋಡಿ ಕೇಳಿದರು, "ಏನಂತೆ?"

"ಅಮ್ಮಾ, ಇದು ಹದವಾಗಿ ಒಣಗಿದ ತೇಗಕ್ಕಿಂತ ಒಣಗಿದೆ! ಇದರಲ್ಲಿ ಬಾಗಿಲು ಮಾಡಿಸಬಹುದು!" ಅಂತ ಚಪಾತಿಯನ್ನು ಮೇಜಿಗೆ ಟಕ್ ಟಕ್ ಅಂತ ಬಡಿದು, ನನ್ನ ಕಡೆ ತಿರುಗಿ ಗಹಗಹಿಸಿದರು.

"ರೀ," ಅಂದೆ. "ಇವತ್ತು ಚಪಾತಿ ಮಾಡಿದ್ದು ನೀವೇ."

ಮೀಟರ್ ಅವತ್ತೇ ನನ್ನ ಕೈಗೆ ವಾಪಸ್ಸು ಬಂತು.

೫. ಡಾಕ್ಟರ ಕಣ್ಣೀರು

ಮಳೆಗಾಲ ಹಿಡಿಯಿತು. ಮೈಸೂರಿನ ಮಳೆಗೆ ಜೋರಿಲ್ಲ, ಆದರೆ ಬಿಸಿಲನ್ನೂ ಬಿಡುವುದಿಲ್ಲ. ಬೀದಿಯಲ್ಲಿ ಯಾರ ಮನೆಯ ಬಟ್ಟೆಯೂ ಒಣಗದ ಕಾಲ. ನಮ್ಮ ಗೂಡಿನೊಳಗೆ ಮಾತ್ರ ಮೋಡದ ಎಡೆಯಲ್ಲಿ ಸಿಕ್ಕ ಒಂದೊಂದು ಗಂಟೆ ಬಿಸಿಲಿಗೂ ಹಬೆ ಏಳುತ್ತಿತ್ತು. ಈ ಗುಟ್ಟು ನಮ್ಮತ್ತೆಗೆ ಗೊತ್ತಾಗಿ, ಅತ್ತೆಯಿಂದ ಬೀದಿಗೆ ಗೊತ್ತಾಯಿತು. ಹಲಗೆಗಳ ಪಕ್ಕದ ಸಂದಿಯಲ್ಲಿ ಮೊದಲು ಸಂಡಿಗೆ ಬಂತು. ಆಮೇಲೆ ಯಾರದೋ ಮಗುವಿನ ಯೂನಿಫಾರ್ಮು. ನಾನು ಕಂಡೂ ಕಾಣದ ಹಾಗಿದ್ದೆ.

ಒಂದು ಬೆಳಗ್ಗೆ ಕ್ಲಿನಿಕ್‌ಗೆ ಹೊರಟವಳು, ಹಲಗೆ ಒಂದು ಸಲ ನೋಡಿ ಹೋಗೋಣ ಅಂತ ಬಿಳಿ ಕೋಟಿನಲ್ಲೇ ಗೂಡಿನ ಬಾಗಿಲು ತೆಗೆದೆ. ಅತ್ತೆ ಸಾರಿನ ಪುಡಿಗೆ ಅಂತ ಒಂದು ಮೊರದ ತುಂಬ ಬ್ಯಾಡಗಿ, ಇನ್ನೊಂದು ಮೊರದ ತುಂಬ ಗುಂಟೂರು ಮೆಣಸಿನಕಾಯಿ ಇಟ್ಟಿದ್ದರು. ಫ್ಯಾನು ಎರಡೂ ತಿರುಗುತ್ತಿದ್ದವು. ಬಿಸಿ ಗಾಳಿಯ ಜೊತೆ ಅಷ್ಟೂ ಘಾಟು ನೇರವಾಗಿ ನನ್ನ ಮುಖಕ್ಕೆ ಬಂತು. ನಾನು ಸೀನಿದೆ. ಕಾಂಪೌಂಡಿನ ಆಚೆ ವಾಕಿಂಗ್ ಹೋಗುತ್ತಿದ್ದವರು ಸೀನಿದರು. ಎದುರು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಮೇಷ್ಟ್ರು ಗೋಡೆಗೆ ಸೀನಿದರು.

"ಅತ್ತೇ, ಹಲಗೆಗೆ ಖಾರ ಹತ್ತುತ್ತೆ!" ಅಂತ ಕೂಗಿದೆ.

"ಒಳ್ಳೇದೇ ಆಯ್ತು ಬಿಡು, ಹುಳ ಹಿಡಿಯಲ್ಲ," ಅಂದರು ಅಡುಗೆಮನೆಯಿಂದ.

ಕ್ಲಿನಿಕ್ ತಲುಪುವ ಹೊತ್ತಿಗೆ ನನ್ನ ಕಣ್ಣು ಕೆಂಡ. ಎಷ್ಟು ತೊಳೆದರೂ ನೀರು ನಿಲ್ಲುತ್ತಿಲ್ಲ. ಮೊದಲ ಪೇಶೆಂಟು ಒಬ್ಬರು ವಯಸ್ಸಾದ ತರಕಾರಿ ವ್ಯಾಪಾರಿ, ಮುಂದಿನ ಒಂದು ಹಲ್ಲು ಅಲ್ಲಾಡುತ್ತಿತ್ತು. ಅವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಪಳಪಳ ಅಂತ ನೀರು ಇಳಿಯಿತು. ಮೂಗು ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಇನ್ನೂ ಇಳಿಯಿತು.

ಅವರು ಕುರ್ಚಿಯಲ್ಲಿ ಎದ್ದು ಕೂತರು. "ಉಳಿಯಲ್ವಾ ಡಾಕ್ಟ್ರೇ?"

ಘಾಟಿಗೆ ದನಿಯೇ ಹೊರಡದೆ, ನಾನು ತಲೆ ಮಾತ್ರ ಅಲ್ಲಾಡಿಸಿದೆ. ಆ ಹಿರಿಯರು ಮೆಲ್ಲಗೆ ನನ್ನ ಕೈ ತಟ್ಟಿ, "ಒಂದು ಹಲ್ಲು ತಾನೇ ಕಣವ್ವ, ಹೋದ್ರೆ ಹೋಯ್ತದೆ. ಇನ್ನೂ ಸುಮಾರಿದಾವೆ. ನೀನು ಅಳಬ್ಯಾಡ" ಅಂದರು. ಆಚೆ ಹೋಗಿ, ಕಾಯುತ್ತಿದ್ದವರಿಗೆಲ್ಲ ಏನು ಹೇಳಿದರೋ. ಒಂದೊಂದು ಹಲ್ಲಿಗೂ ಕರುಳು ಕಿವುಚಿಕೊಳ್ಳುವ ಡಾಕ್ಟ್ರಮ್ಮ ಅಂತ ನನಗೆ ಅವತ್ತಿನಿಂದ ಹೆಸರು ಬಂದಿದೆ.

೬. ಸೀಟು ಹಿಡಿಯುವುದು

ಗಣೇಶನ ಹಬ್ಬದ ಹಿಂದಿನ ವಾರ ಮೊದಲ ಕಂತಿನ ಹಲಗೆ ಆಚೆ ತೆಗೆದೆವು. ಅವತ್ತು ನನಗೆ ತಿಂಡಿ ಸೇರಲಿಲ್ಲ. "ಬಾಳೆಹಣ್ಣಿನ ಹಾಗೆ ಬಾಗಿರುತ್ತೆ, ಬರೆದಿಟ್ಕೋ" ಅಂತ ಯಜಮಾನರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದರು. ಬಡಗಿ ಒಂದು ಹಲಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕು ಹಿಡಿದವರ ಹಾಗೆ ಉದ್ದಕ್ಕೂ ನೋಡಿದರು. ಇನ್ನೊಂದು ನೋಡಿದರು. "ಗೆರೆ ಎಳೆದಂಗವೆ," ಅಂದರು. ಅತ್ತೆ ಬೆರಳ ಗೆಣ್ಣಿನಿಂದ ತಟ್ಟಿದರು. ಠಣ್ ಅಂತು. ನಾನು ಕುಣಿದೆ ಅಂತ ಎಲ್ಲರೂ ಹೇಳುತ್ತಾರೆ, ನನಗೆ ನೆನಪಿಲ್ಲ.

ಹಬ್ಬದ ದಿನ ಹಾಲ್‌ನಲ್ಲಿ ಉಯ್ಯಾಲೆ ಏರಿತು. ಹಿತ್ತಾಳೆ ಸರಪಳಿ, ಮೂರು ಜನ ಕೂರುವಷ್ಟು ಉದ್ದದ ಮಣೆ. ಅತ್ತೆ ಕೂತರು. ಕೂತವರು ಏಳಲಿಲ್ಲ. ಕಾಫಿ ಅಲ್ಲೇ, ಬೀನ್ಸ್ ಸೋಸುವುದು ಅಲ್ಲೇ, ಫೋನು ಅಲ್ಲೇ, ಮಧ್ಯಾಹ್ನದ ನಿದ್ದೆಯೂ ಅಲ್ಲೇ. ಸಾಯಂಕಾಲ ಯಜಮಾನರು ಮುಖ ಚಿಕ್ಕದು ಮಾಡಿಕೊಂಡು ಹೋಗಿ, "ಅಮ್ಮಾ, ಸ್ವಲ್ಪ ಸರ್ಕೋ" ಅಂದರು.

"ಬಾಗುತ್ತೆ ಅಂದವರಿಗೆ ಜಾಗ ಇಲ್ಲ."

ಪಾಪ, ಅವರು ಅತ್ತೆ ಸ್ನಾನಕ್ಕೆ ಹೋಗುವುದನ್ನೇ ಕಾದು, ಐದು ನಿಮಿಷ ಕೂತು, ಬಚ್ಚಲ ಚಿಲಕದ ಸದ್ದಿಗೆ ಎದ್ದು ಓಡುತ್ತಿದ್ದರು. ಅದೂ ಅತ್ತೆಗೆ ಗೊತ್ತಾಯಿತು. ಈಗ ಅತ್ತೆ ಸ್ನಾನಕ್ಕೆ ಹೋಗುವಾಗ ಉಯ್ಯಾಲೆ ಮೇಲೆ ಒಂದು ಟವೆಲ್ ಹಾಸಿ ಹೋಗುತ್ತಾರೆ, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ.

೭. ನೋಡಲು ಬಂದವರು

ಉಯ್ಯಾಲೆಯ ಸುದ್ದಿ ಹರಡಿದ ಮೇಲೆ ಗೂಡು ನೋಡಲು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಬಂದವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ವಿವರಿಸುವ ಕೆಲಸ ಅತ್ತೆಯದು. ಉಳಿದ ಹಲಗೆಗಳ ಎರಡನೆಯ ಕಂತು ಆಗ ಒಳಗೆ ಒಣಗುತ್ತಿತ್ತು.

ಸಂಕ್ರಾಂತಿ ಕಳೆದ ಒಂದು ಭಾನುವಾರ. ನಾನು ಗೂಡಿನೊಳಗೆ ಕೂತು ಬಣ್ಣ ಎದ್ದಿದ್ದ ಗೋಡೆಗೆ ಕಪ್ಪು ಬಳಿಯುತ್ತಿದ್ದೆ. ಅದೇ ಹೊತ್ತಿಗೆ ಎದುರು ಮನೆ ಮೇಷ್ಟ್ರ ಮಗಳನ್ನು ನೋಡಲು ನಂಜನಗೂಡಿನ ಕಡೆಯಿಂದ ಗಂಡಿನವರು ಬರಬೇಕಿತ್ತು. ಹುಡುಗ, ಅವನ ತಾಯಿ, ಅವನ ಅಜ್ಜಿ. ಮೇಷ್ಟ್ರು ಫೋನಿನಲ್ಲಿ "ಡಾಕ್ಟರ ಮನೆ ಎದುರು" ಅಂತ ಹೇಳಿದ್ದರಂತೆ. ಇವರು ನನ್ನ ಬೋರ್ಡು ನೋಡಿ ನೇರ ನಮ್ಮ ಮನೆಗೇ ಬಂದರು. ಮುಂದಿನದನ್ನು ಸ್ವಲ್ಪ ನಾನು ಕಿಂಡಿಯಲ್ಲಿ ಕೇಳಿಸಿಕೊಂಡದ್ದು, ಉಳಿದದ್ದು ಆಮೇಲೆ ಅವರೇ ಹೇಳಿದ್ದು.

ನಮ್ಮ ಕಡೆ ಹಿರಿಯರು ಮದುವೆಗೆ ಬಂದ ಹುಡುಗಿಯನ್ನೂ ಮುದ್ದಿಗೆ "ಚೆನ್ನಾಗಿದೆ, ಓದಿದೆ, ಕೆಲಸ ಕಲಿತಿದೆ" ಅಂತಲೇ ಮಾತಾಡುತ್ತಾರೆ. ಯಡವಟ್ಟು ಆದದ್ದೇ ಅಲ್ಲಿ.

"ನೋಡೋಕೆ ಅಂತ ಬಂದ್ವಿ ಅಮ್ಮಾ," ಅಂದರು ಹುಡುಗನ ತಾಯಿ.

"ಬನ್ನಿ ಬನ್ನಿ," ಅಂದರು ಅತ್ತೆ. "ವಾರಕ್ಕೆ ಮೂರು ನಾಲ್ಕು ಕಡೆಯವರು ಬಂದು ನೋಡ್ಕೊಂಡು ಹೋಗ್ತಾರೆ."

ತಾಯಿಯ ಮುಖ ಸಣ್ಣದಾಯಿತು. "ಅಷ್ಟು ಜನಾನಾ? ಯಾರಿಗೂ ಒಪ್ಪಿಗೆ ಆಗ್ಲಿಲ್ವಾ?"

"ಒಪ್ಪದೇ ಏನು, ಎಲ್ಲಾರೂ ನಮಗೆ ಕೊಡಿ ಅಂತಾರೆ. ನಾವೇ ಕೊಟ್ಟಿಲ್ಲ. ಇನ್ನೂ ಸ್ವಲ್ಪ ಹಸಿ."

ಅಜ್ಜಿಗೆ ಈ ಉತ್ತರ ಹಿಡಿಸಿತು. "ಈಗೆಲ್ಲಿದೆ? ಇಲ್ಲಿಗೇ ಕರೀರಿ."

"ಕರೆದ್ರೆ ಬರುತ್ತಾ? ಹಿತ್ತಲಲ್ಲಿದೆ, ನಾವೇ ಹೋಗ್ಬೇಕು. ಮೂರು ತಿಂಗಳಾಯ್ತು ಒಳಗೆ ಹಾಕಿ ಬಾಗಿಲು ಹಾಕಿ. ಸೊಸೆ ಆಗಾಗ ಹೋಗಿ ಚುಚ್ಚಿ ನೋಡ್ತಾಳೆ."

"ಚುಚ್ಚೀ?" ಅಂದ ಹುಡುಗ. ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

"ಮುಚ್ಚುಮರೆ ಯಾಕೆ, ಮೊದಲು ಸ್ವಲ್ಪ ಸೊಟ್ಟ ಇತ್ತಪ್ಪ. ಮೇಲೆ ಚಪ್ಪಡಿ ಕಲ್ಲು ಹೇರಿಸಿದ್ವಿ. ಈಗ ನೆಟ್ಟಗಾಗಿದೆ."

"ಬಣ್ಣ?" ಅಂದರು ಅಜ್ಜಿ.

"ಅಪ್ಪಟ ಹಳದಿ."

"ಕಾಮಾಲೆ ಇರಬೇಕು ಕಣೋ," ಅಂತ ತಾಯಿ ಮಗನ ಕಿವಿಯಲ್ಲಿ ಪಿಸುಗುಟ್ಟಿದರು.

"ಉದ್ದ ಎಂಟಡಿ," ಅಂತ ಅತ್ತೆ ಹೆಮ್ಮೆಯಿಂದ ಮುಂದುವರಿಸಿದರು. ಐದೂವರೆ ಅಡಿಯ ಹುಡುಗ ಗೋಡೆ ಹಿಡಿದುಕೊಂಡ. ಅವನ ಗಾಬರಿ ನೋಡಿ ಅತ್ತೆ ಸಮಾಧಾನ ಹೇಳಿದರು, "ಜಾಸ್ತಿ ಆಯ್ತು ಅಂದ್ರೆ ಯೋಚನೆ ಮಾಡ್ಬೇಡಪ್ಪ. ನಿಮ್ಮನೆಗೆ ಎಷ್ಟು ಬೇಕೋ ಅಷ್ಟಕ್ಕೆ ಕೊಯ್ಸಿ ಕೊಡ್ತೀವಿ."

ಪಾಪ, ಹಿರಿ ಜೀವಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂದುಕೊಂಡು, ಎದುರು ಮಾತಾಡದೆ ಮೂವರೂ ಅತ್ತೆಯ ಹಿಂದೆ ಹಿತ್ತಲಿಗೆ ಬಂದರು. ಅತ್ತೆ ಗೂಡಿನ ಬಾಗಿಲು ಎಳೆದು, "ನೋಡಿ!" ಅಂದರು.

ಒಳಗಿನಿಂದ ನಾನು ಆಚೆ ಬಂದೆ. ತಲೆಗೆ ಯಜಮಾನರ ಹಳೆಯ ಟವೆಲ್ಲು, ಮುಖದ ತುಂಬ ಕಪ್ಪು ಬಣ್ಣ, ಬಣ್ಣದ ಮೇಲೆ ಬೆವರು, ಕೈಯಲ್ಲಿ ಮುಳ್ಳಿನ ಮೀಟರು. ಗೂಡು ನೋಡಲು ಬಂದವರು ಅಂತ ತಿಳಿದು ಹಲ್ಲು ಬಿಟ್ಟು ನಕ್ಕೆ. ಕಪ್ಪು ಮುಖದಲ್ಲಿ ಹಲ್ಲು ಮಾತ್ರ ಕಂಡಿರಬೇಕು.

"ಬನ್ನಿ ಬನ್ನಿ, ಭಯ ಬೇಡ. ಜಾಗ ಚಿಕ್ಕದು, ಒಬ್ಬೊಬ್ಬರೇ ಬರಬೇಕು," ಅಂದು ಹುಡುಗನ ಕಡೆ ಕೈ ಮಾಡಿದೆ. "ಮೊದಲು ನೀವು ಬನ್ನಿ. ಐದು ನಿಮಿಷ ಬಾಗಿಲು ಹಾಕಿಕೊಂಡರೆ ಎಲ್ಲಾ ಗೊತ್ತಾಗುತ್ತೆ."

ಹುಡುಗ ಅಜ್ಜಿಯ ಹಿಂದೆ ಅವಿತುಕೊಂಡ. ಅಜ್ಜಿ ಮಾತ್ರ ಗಟ್ಟಿಗಿತ್ತಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅತ್ತೆಗೆ ಹೇಳಿದರು, "ವಯಸ್ಸು ಸ್ವಲ್ಪ ಮುಂದಕ್ಕೆ ಹೋಯ್ತಲ್ಲವಾ ಅಮ್ಮಾ?"

ಮರದ ಮಾತು ಅಂದುಕೊಂಡು ನಾನೇ ಉತ್ತರ ಕೊಟ್ಟೆ. "ವಯಸ್ಸಾದಷ್ಟೂ ಗಟ್ಟಿ ಅಜ್ಜಿ. ಬೇಕಾದ್ರೆ ತಟ್ಟಿ ನೋಡಿ."

ಅಷ್ಟರಲ್ಲಿ ಗರಿಗರಿ ಪಂಚೆ ಉಟ್ಟ ಮೇಷ್ಟ್ರು ಏದುಸಿರು ಬಿಡುತ್ತಾ ಓಡಿ ಬಂದರು. "ಡಾಕ್ಟ್ರೇ, ಹುಡುಗಿ ನೋಡೋಕೆ ಬಂದಿರೋ ನಮ್ಮ ಬೀಗರು ಇಲ್ಲಿ..." ಅಂದವರು ಎಲ್ಲರ ಮುಖ ನೋಡಿ ನಿಂತುಬಿಟ್ಟರು. ಮೊದಲು ನಕ್ಕದ್ದು ಅಜ್ಜಿ. ಅವರು ನಕ್ಕ ನಗೆಗೆ ಕಲ್ಲು ಚಪ್ಪಡಿ ಹಿಡಿದುಕೊಂಡು ಕೂರಬೇಕಾಯಿತು. ಅವರನ್ನು ನೋಡಿ ತಾಯಿ ನಕ್ಕರು, ನಾನು ನಕ್ಕೆ, ನಮ್ಮತ್ತೆ ಕಣ್ಣೊರೆಸಿಕೊಂಡರು.

ಮುಖ ತೊಳೆದುಕೊಂಡು ನಾವೂ ಎದುರು ಮನೆಗೆ ಹೋದೆವು, ಅಜ್ಜಿಯೇ ಬಲವಂತ ಮಾಡಿ ಕರೆದರು. ಮೇಷ್ಟ್ರ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಚುರುಕು ಹುಡುಗಿ. ನಡೆದದ್ದೆಲ್ಲ ಅಷ್ಟರಲ್ಲಿ ಅವಳ ಕಿವಿಗೂ ಬಿದ್ದಿತ್ತು. ಕಾಫಿ ಕೊಟ್ಟು ಕೂತಳು. "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಅಂದರು ಮೇಷ್ಟ್ರು. ಹುಡುಗ ಕಾಫಿ ಲೋಟವನ್ನೇ ನೋಡುತ್ತಾ ಕೂತ. ಇನ್ನೂ ಚೇತರಿಸಿಕೊಂಡಿರಲಿಲ್ಲ.

"ಅವರು ಕೇಳೋದು ಬೇಡ, ನಾನೇ ಹೇಳಿಬಿಡ್ತೀನಿ," ಅಂದಳು ಹುಡುಗಿ. "ನಾನು ಇರೋದೇ ಐದಡಿ ಎರಡಿಂಚು. ಕೊಯ್ಸೋ ಅಗತ್ಯ ಬೀಳಲ್ಲ. ಹಳದಿ ಇಲ್ಲ, ರಕ್ತ ಪರೀಕ್ಷೆ ಮಾಡಿಸಬಹುದು. ಆದರೆ ಸ್ವಭಾವ ಸ್ವಲ್ಪ ಸೊಟ್ಟ. ಎಷ್ಟು ಕಲ್ಲು ಹೇರಿದ್ರೂ ನೆಟ್ಟಗಾಗಲ್ಲ. ಯೋಚನೆ ಮಾಡಿ."

ಮೇಷ್ಟ್ರು ಹಣೆ ಹಿಡಿದುಕೊಂಡರು. ಹುಡುಗ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ತುಟಿ ಬಿಗಿ ಹಿಡಿದ, ಆಗಲಿಲ್ಲ, ನಗು ಬಂದೇಬಿಟ್ಟಿತು.

"ಪರವಾಗಿಲ್ಲ," ಅಂದ. "ನಾನೂ ಇನ್ನೂ ಸ್ವಲ್ಪ ಹಸೀನೇ."

ಅಜ್ಜಿ ಒಂದು ಕ್ಷಣವೂ ತಡ ಮಾಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ ಕೇಳಿದರು.

"ಡಾಕ್ಟ್ರಮ್ಮ, ಆ ನಿಮ್ಮ ಗೂಡಲ್ಲಿ ಜಾಗ ಇದೆಯಾ? ಲಗ್ನದ ತನಕ ಇವನನ್ನ ಅದರಲ್ಲಿ ಹಾಕ್ಕೊಂಡಿರಿ."